ಬಾಗಿಲು ತೆರೆದ ಹುಡುಗಿ

೧೯೪೦ ಮಾರ್ಚ್ ೫, ಮಂಗಳವಾರ

ಇವತ್ತಿನ ಆಟಕ್ಕೆ ಬಂದವರಲ್ಲಿ ಇಬ್ಬರು ಚಿತ್ರ ನೋಡಲು ಬಂದಿದ್ದರು, ಉಳಿದವರು ಬೆಚ್ಚಗೆ ಕೂರಲು. ಉತ್ತರ ಡಕೋಟಾದ ಚಳಿಗಾಲದಲ್ಲಿ ಚಿತ್ರಮಂದಿರ ನಡೆಸುವುದೆಂದರೆ ಟಿಕೆಟ್ ಹರಿದು ಒಲೆಯ ಶಾಖ ಮಾರಿದ ಹಾಗೆ. ಒಂಬತ್ತು ವರ್ಷ ಇದೇ ಸೀಮೆಯಲ್ಲಿ ಮನೆಮನೆ ಅಲೆದು ಸಿಡಿಲು ತಡೆಯುವ ಕಂಬಿ ಮಾರಿದವನು ನಾನು. ಸಿಡಿಲೇ ಬೀಳದ ಮನೆಯವರಿಗೆ ಸಿಡಿಲಿನ ಭಯ ಮಾರುವುದು ಸುಲಭ. ಅಳುವ ಅಭ್ಯಾಸವೇ ಇಲ್ಲದ, ನಾರ್ವೆಯಿಂದ ಬಂದು ನೆಲೆಸಿದ ಈ ಊರಿನ ಜನಕ್ಕೆ ಅಳಿಸುವ ಚಿತ್ರ ಮಾರುವುದು ಹಾಗಲ್ಲ.

ಇದರ ಮೇಲೆ ಪಾಪ್‌ಕಾರ್ನ್ ಯಂತ್ರ ಸುಟ್ಟುಹೋಯಿತು. ರಿಪೇರಿಯವನು ಫಾರ್ಗೊದಿಂದ ಬರಬೇಕು. ಅಲ್ಲಿಯವರೆಗೆ ಕಾಫಿ, ಬನ್ನು ಮಾರೋಣವೆಂದು ಎದುರಿನ ಬೇಕರಿ ಹೆಂಗಸಿನ ಹತ್ತಿರ ಹೋದೆ. ಪಾದ್ರಿ ಬ್ರೆಕ್ಕೆ ಸಿನಿಮಾ ಪಾಪವೆಂದು ಹೇಳುತ್ತಲೇ ಇದ್ದಾರೆ. ಊರಿನವರು ಮುಖ ಕಾಣದ ಹಾಗೆ ಕಾಲರ್ ಎತ್ತಿಕೊಂಡು ಬರುತ್ತಲೇ ಇದ್ದಾರೆ. ಪಾದ್ರಿಯ ಮಾತನ್ನು ನಿಜವಾಗಿ ನಡೆಸುವವಳು ಈ ಹೆಂಗಸು ಒಬ್ಬಳೇ. ವಿಧವೆ. ನನ್ನ ರೆಜಿನಾ ಚಿತ್ರಮಂದಿರದ ಹೊಸಲು ಒಮ್ಮೆಯೂ ದಾಟಿಲ್ಲ.

ಕಪಾಟಿನಲ್ಲಿದ್ದ ಏಲಕ್ಕಿ ಬನ್ನು ತೋರಿಸಿದೆ.

"ಅದು ನಿನ್ನೆ ಮಾಡಿದ್ದು," ಎಂದಳು. "ಕಾಫೀಲಿ ಅದ್ದಿ ತಿಂದ್ರೆ ಪರವಾಗಿಲ್ಲ. ಹಾಗೇ ತಿಂದ್ರೆ ಹಲ್ಲಿಗೆ ಕಷ್ಟ."

"ಗಿರಾಕಿಗಳಿಗೆ ಹೀಗೆಲ್ಲ ಹೇಳ್ತಾರೇನ್ರೀ?"

"ನಿನ್ನೇದನ್ನ ನಿನ್ನೇದು ಅನ್ನದೆ ಇನ್ನೇನಂತ ಹೇಳ್ಲಿ?"

ವ್ಯಾಪಾರಕ್ಕೆ ಲಾಯಕ್ಕಲ್ಲದ ಹೆಂಗಸು. ಸಂಜೆ ಹೊಸ ಬನ್ನಿನ ತಟ್ಟೆಯನ್ನು ತಂದು ನನ್ನ ಮೆಟ್ಟಿಲ ಮೇಲೆ, ಹಿಮದಲ್ಲಿಟ್ಟು, ಬಾಗಿಲು ತಟ್ಟಿ ಹೋಗಿಬಿಟ್ಟಳು. ಒಳಗೆ ಕಾಲಿಡಲಿಲ್ಲ.

ಮಾರ್ಚ್ ೧೪

ಚಿತ್ರ ಹಂಚುವ ಕಂಪನಿಯ ಡೆಲ್ಬರ್ಟ್ ಬಂದಿದ್ದ. ಕುದುರೆ ಸವಾರರ ಚಿತ್ರಗಳು ಬೇಕಾದರೆ ಜೊತೆಗೆ ದೊಡ್ಡ ನಟಿಯ ಅಳುವ ಚಿತ್ರವೊಂದನ್ನೂ ತೆಗೆದುಕೊಳ್ಳಬೇಕಂತೆ. ಹೆಸರು 'ಆಶ್‌ಕೋಂಬ್ ಮನೆತನ'. ಗಿರಣಿ ಯಜಮಾನ ಸಾಯಲು ಮಲಗಿದ್ದಾನೆ, ಹೆಂಡತಿ ಕಾಯುತ್ತಿದ್ದಾಳೆ, ಮನೆಬಿಟ್ಟು ಹೋದ ಮಗ ಬರುತ್ತಾನೋ ಇಲ್ಲವೋ. ಎರಡು ಗಂಟೆಗೂ ಮೇಲೆ.

"ನ್ಯೂಯಾರ್ಕ್‌ನಲ್ಲಿ ಹೆಂಗಸ್ರು ಕರವಸ್ತ್ರ ಹಿಂಡಿ ಹಿಂಡಿ ಇಟ್ರು, ಕ್ವಿಗ್ಲಿ."

"ಇಲ್ಲಿ ಅದನ್ನ ಇಸ್ತ್ರಿ ಮಾಡಿ ಕೈಚೀಲದಲ್ಲಿ ಇಟ್ಕೊತಾರೆ. ಹೊರಗೆ ತೆಗೆಯೋದಿಲ್ಲ."

"ಪತ್ರಿಕೆಯವರೆಲ್ಲ ಈ ವರ್ಷದ ಮಹಾಚಿತ್ರ ಅಂದಿದ್ದಾರೆ."

"ಪತ್ರಿಕೆಯವರು ಟಿಕೆಟ್ ತಗೊಂಡು ನೋಡ್ತಾರಾ?"

ಕೊನೆಗೆ ತೆಗೆದುಕೊಂಡೆ. ಏಪ್ರಿಲ್ ಏಳು, ಎಂಟು. ಚಿತ್ರಮಂದಿರದವರ ವಾರಪತ್ರಿಕೆಯಲ್ಲಿ ನಮ್ಮಂಥ ಸಣ್ಣ ಊರಿನ ಮಾಲೀಕರು ಪ್ರತಿ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆಯುತ್ತೇವಲ್ಲ, ಅಲ್ಲಿ ಕಾನ್ಸಾಸ್‌ನವನೊಬ್ಬ ಇದರ ಬಗ್ಗೆ ಬರೆದಿದ್ದಾನೆ: "ಒಳ್ಳೆಯ ಚಿತ್ರ. ನನ್ನ ಶತ್ರುವಿನ ಚಿತ್ರಮಂದಿರದಲ್ಲಿ ನಡೆಯಲಿ."

ಮಾರ್ಚ್ ೨೬, ಮಂಗಳವಾರ

ಇವತ್ತು ಆ ಚಿತ್ರದ ಟ್ರೇಲರ್ ಮೊದಲ ಸಲ ಹಾಕಿದೆವು. ಕಹಳೆ ಊದುತ್ತದೆ, ನಟಿ ಕಿಟಕಿಯಲ್ಲಿ ನಿಲ್ಲುತ್ತಾಳೆ. ಆಮೇಲೆ ಮತ್ತೆ ಕಹಳೆ ಊದಿ ಒಂದು ದೊಡ್ಡ ಬಾಗಿಲು ತೆರೆಯುತ್ತದೆ, ಬಿಳಿ ಟೊಪ್ಪಿಗೆಯ ಕೆಲಸದ ಹುಡುಗಿಯೊಬ್ಬಳು ನಿಂತು, "ಅವರು ಬಂದಿದ್ದಾರೆ, ಅಮ್ಮಾವ್ರೇ," ಎನ್ನುತ್ತಾಳೆ. ಅವಳ ಗಲ್ಲದಿಂದ ಸೊಂಟದವರೆಗೆ ಅಡ್ಡಲಾಗಿ ಅಕ್ಷರಗಳು ಮೂಡುತ್ತವೆ: ಹಿಂದೆಂದೂ ಕಾಣದ ಕಣ್ಣೀರು!

ಮೂರನೇ ಸಾಲಿನಿಂದ ಯಾರೋ ಕೂಗಿದರು: "ಅಯ್ಯೋ, ಅದು ನೆಸೆಟ್ ಮನೆಯ ಮಾರಿಟ್ ಅಲ್ವೇನ್ರೋ!"

ಜನ ಎದ್ದು ನಿಂತರು. ಮತ್ತೊಮ್ಮೆ ಹಾಕು ಎಂದು ಗಲಾಟೆ. ಯಂತ್ರದ ಕೋಣೆಯಲ್ಲಿ ಚಿತ್ರ ಓಡಿಸುವ ಒಟ್ಟೊ ಅದನ್ನು ಮತ್ತೊಮ್ಮೆ ಸುತ್ತಿ ಹಾಕಿದ. ಹೌದು, ಅವಳೇ. ಬೇಕರಿ ಹೆಂಗಸಿನ ಮಗಳು, ಎರಡು ವರ್ಷದ ಹಿಂದೆ ಬಸ್ಸು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋದವಳು.

ಡೆಲ್ಬರ್ಟ್‌ನನ್ನು ಬೈದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಊರಿನ ಹುಡುಗಿ ಇರುವ ಚಿತ್ರಕ್ಕೆ ಊರೇ ಬರುತ್ತದೆ. ಕೂಡಲೇ ಒಂದು ಭಿತ್ತಿಪತ್ರ ಬರೆಸಿದೆ: 'ನಮ್ಮ ಊರಿನ ಮಾರಿಟ್ ನೆಸೆಟ್', ಕೆಳಗೆ ಸಣ್ಣ ಅಕ್ಷರದಲ್ಲಿ ಆ ದೊಡ್ಡ ನಟಿಯ ಹೆಸರು. ಒಂದು ಪ್ರತಿಯನ್ನು ಸ್ಟುಡಿಯೋ ವಿಳಾಸಕ್ಕೆ, ಮಾರಿಟ್ ಹೆಸರಿಗೆ ಅಂಚೆಗೆ ಹಾಕಿದೆ. ಸಹಿ ಮಾಡಿದ ಫೋಟೋ ಕಳಿಸಿದರೆ ಗಾಜಿನ ಪೆಟ್ಟಿಗೆಯಲ್ಲಿ ತೂಗಿಹಾಕಬಹುದು.

ಮಾರ್ಚ್ ೨೭

ಬೆಳಿಗ್ಗೆ ಬೇಕರಿಗೆ ಹೋಗಿ ಶುಭಾಶಯ ಹೇಳಿದೆ. ಮಿಸೆಸ್ ನೆಸೆಟ್ ಹಿಟ್ಟು ನಾದುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತು. ಶರತ್ಕಾಲದಲ್ಲೇ ಕಾರ್ಡು ಹಾಕಿದ್ಲು, ಒಂದು ಚಿತ್ರದಲ್ಲಿ ಬಾಗಿಲು ತೆಗೀತೀನಿ ಅಂತ."

"ನೀವೇನು ಬರೆದ್ರಿ?"

"ಏನೂ ಬರೀಲಿಲ್ಲ. ಚೆನ್ನಾಗಾಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಚೆನ್ನಾಗಾಗ್ಲಿಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ."

ಸ್ವಲ್ಪ ಹೊತ್ತು ನಾದಿದಳು. ಆಮೇಲೆ ಕೇಳದೆಯೇ ಹೇಳಿದಳು:

"ಹೊರಟ ದಿನ ಪೆಟ್ಟಿಗೆ ಹಿಡ್ಕೊಂಡು ಹೊಸಲಲ್ಲಿ ನಿಂತಿದ್ಲು. ನಾನೇನಾದ್ರೂ ಹೇಳ್ತೀನಿ ಅಂತ. ಬಾಗಿಲು ಎಳ್ಕೊಂಡು ಹೋಗು, ಚಳಿ ಒಳಗೆ ಬರುತ್ತೆ ಅಂದೆ."

"ಅಷ್ಟೇನಾ?"

"ಚಳಿ ಬರ್ತಿತ್ತು ಕ್ವಿಗ್ಲಿಯವ್ರೇ."

ಇವತ್ತು ಬೇಡದಿದ್ದರೂ ಒಂದು ಡಜನ್ ರಸ್ಕು ಕೊಂಡು ಹೊರಬಂದೆ.

ಮಾರ್ಚ್ ೩೦

ಪಾಪ್‌ಕಾರ್ನ್ ಯಂತ್ರ ರಿಪೇರಿಯಾಯಿತು. ಆದರೂ ಬನ್ನು ನಿಲ್ಲಿಸಿಲ್ಲ, ಜನಕ್ಕೆ ರುಚಿ ಹತ್ತಿದೆ.

ಒಂದು ಬದಲಾವಣೆ. ಮಿಸೆಸ್ ನೆಸೆಟ್ ಈಗ ತಟ್ಟೆಯನ್ನು ಮೆಟ್ಟಿಲ ಮೇಲೆ ಇಡುವುದಿಲ್ಲ, ಒಳಗೇ ತರುತ್ತಾಳೆ. ಸರಿಯಾಗಿ ಆಟ ಶುರುವಾಗುವ ಹೊತ್ತಿಗೆ ಬಂದು, "ತಟ್ಟೆ ವಾಪಸ್ ಬೇಕು, ಕಾಯ್ತೀನಿ," ಎಂದು ಸಭಾಂಗಣದ ಬಾಗಿಲಿಗೆ ಇಳಿಬಿಟ್ಟ ಪರದೆಯ ಪಕ್ಕ ನಿಲ್ಲುತ್ತಾಳೆ. ಬನ್ನು ಖಾಲಿ ಮಾಡಿ ಕೊಟ್ಟರೂ ಟ್ರೇಲರ್ ಮುಗಿಯುವವರೆಗೆ ಅಲ್ಲೇ. ಒಂದು ತಗಡಿನ ತಟ್ಟೆಯ ಮೇಲೆ ಇಷ್ಟು ಮಮತೆ ನಾನು ಎಲ್ಲೂ ನೋಡಿಲ್ಲ.

ಏಪ್ರಿಲ್ ೨

"ಸೋಮವಾರದ ಆಟಕ್ಕೆ ಬರ್ತೀನಿ," ಎಂದಳು ಮಿಸೆಸ್ ನೆಸೆಟ್. "ಭಾನುವಾರ ಆಗೋದಿಲ್ಲ. ಎಲ್ಲಾ ನೇಮಾನೂ ಒಂದೇ ದಿನ ಮುರಿಯೋಕಾಗಲ್ಲ."

"ನಿಮಗೆ ಟಿಕೆಟ್ ಬೇಡ. ನಟಿಯ ತಾಯಿ ನೀವು."

"ಟಿಕೆಟ್ ತಗೊಂಡೇ ಬರ್ತೀನಿ. ಪಾಪ ಮಾಡೋದಾದ್ರೆ ನನ್ನ ದುಡ್ಡಲ್ಲೇ ಮಾಡ್ತೀನಿ."

ಊರಿಗೆ ಊರೇ ಇದೇ ಮಾತು. ಥೋರಾ ನೆಸೆಟ್ ಸಿನಿಮಾಕ್ಕೆ ಹೋಗ್ತಾಳಂತೆ. ಪಾದ್ರಿ ಆಕೆಯ ಅಂಗಡಿಗೆ ಹೋಗಿ ಅರ್ಧ ಗಂಟೆ ಬುದ್ಧಿ ಹೇಳಿದರಂತೆ. ಆಕೆ ಕೇಳಿ ಮುಗಿಸಿ, "ನಿಮ್ಮ ಭಾನುವಾರದ ಉಪದೇಶವೂ ಹೀಗೇ ಉದ್ದವಾಗಿತ್ತು," ಎಂದಳಂತೆ.

ಹಿಂದಿನ ಸಾಲಿನ ಮುರಿದ ಕುರ್ಚಿಗೆ ಮೊಳೆ ಹೊಡೆಸಿದೆ. ಹೇಗೂ ಮಾಡಿಸಬೇಕಿತ್ತು.

ಏಪ್ರಿಲ್ ೭, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿದ್ದಾಗ ನಾನು, ಒಟ್ಟೊ ಚಿತ್ರವನ್ನು ಒಮ್ಮೆ ಹಾಕಿ ನೋಡಿದೆವು. ಅವನು ಜರ್ಮನ್ ನಾಸ್ತಿಕ, ನಾನು ಐರಿಷ್ ಕ್ಯಾಥೊಲಿಕ್, ನನ್ನ ಚರ್ಚು ನಲವತ್ತು ಮೈಲಿ ದೂರ. ಸುರುಳಿಗಳು ಒಂದೊಂದಾಗಿ ಮುಗಿದವು. ಮುದುಕ ಮಲಗಿದ, ಹೆಂಡತಿ ಕಿಟಕಿಯಲ್ಲಿ ನಿಂತಳು, ಹೊರಗೆ ಗಾಡಿಯ ಸದ್ದಾಯಿತು, ಮರುಕ್ಷಣ ಮಗ ಹಾಸಿಗೆಯ ಪಕ್ಕದಲ್ಲಿದ್ದ. ಬಾಗಿಲು ಇಲ್ಲ. ಹುಡುಗಿ ಇಲ್ಲ.

"ನಿಲ್ಲಿಸು," ಎಂದೆ. "ಏನೋ ಹಾರಿಹೋಯ್ತು."

"ಏನೂ ಹಾರಿಲ್ಲ ಯಜಮಾನ್ರೇ. ಅವ್ರೇ ತೆಗೆದುಬಿಟ್ಟಿದ್ದಾರೆ. ಟ್ರೇಲರ್ ಮೊದ್ಲೇ ಮಾಡಿರ್ತಾರೆ, ಆಮೇಲೆ ಚಿತ್ರ ಉದ್ದ ಆಯ್ತು ಅಂತ ಕತ್ತರಿಸ್ತಾರೆ."

"ಎರಡು ಗಂಟೆ ಚಿತ್ರದಲ್ಲಿ ಉದ್ದ ಆಗಿದ್ದು ಆ ಬಾಗಿಲೊಂದೇನಾ?"

ಒಟ್ಟೊ ಮುಂದಿನ ಸುರುಳಿಯನ್ನು ಕೈಗೆತ್ತಿಕೊಂಡ.

ಹೊರಗೆ ಗೋಡೆಯ ಮೇಲೆ ಅವಳ ಹೆಸರು ನನ್ನಷ್ಟು ಎತ್ತರ ಇದೆ. ನಾಳೆ ಆ ಹೆಂಗಸು ಜೀವಮಾನದಲ್ಲಿ ಮೊದಲ ಸಲ ಚಿತ್ರಮಂದಿರದಲ್ಲಿ ಕೂರುತ್ತಾಳೆ. ಪಾದ್ರಿಯನ್ನು ಎದುರುಹಾಕಿಕೊಂಡು ಬಂದು ಎರಡು ಗಂಟೆ ಕತ್ತಲಲ್ಲಿ ಮಗಳಿಗಾಗಿ ಕಾದು, ಊರಿನವರೆದುರು ಬರಿಗೈಯಲ್ಲಿ ಎದ್ದುಹೋಗಬೇಕು. ಇದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಯೋಚಿಸಿದೆ. ವ್ಯಾಪಾರದ ದೃಷ್ಟಿಯಿಂದ ಮಾತ್ರ.

"ಒಟ್ಟೊ, ಟ್ರೇಲರ್ ಇನ್ನೂ ನಮ್ಮ ಹತ್ರಾನೇ ಇದೆಯಲ್ಲ?"

ಅವನು ನನ್ನನ್ನು ನೋಡಿದ. "ಯಜಮಾನ್ರೇ, ಅದರ ಮೇಲೆ ಅಕ್ಷರ ಇದೆ."

"ಇರ್ಲಿ."

"ಕಹಳೆ ಊದುತ್ತೆ. ಮುದುಕ ಸಾಯ್ತಾ ಇರ್ತಾನೆ."

"ಮೆಲ್ಲಗೆ ಊದ್ಸು."

"ಸದ್ದು ಇಳಿಸಿದ್ರೆ ಅವಳ ಮಾತೂ ಇಳಿಯುತ್ತೆ."

"ಹಾಗಾದ್ರೆ ಜೋರಾಗೇ ಊದ್ಲಿ."

ಟ್ರೇಲರಿನಿಂದ ಬಾಗಿಲಿನ ತುಂಡನ್ನು ಕತ್ತರಿಸಿದೆವು. ಗಾಡಿಯ ಸದ್ದಿಗೂ ಮಗನಿಗೂ ನಡುವೆ ಅಂಟಿಸಿದೆವು. ಕತ್ತರಿ ನಾನು ಹಿಡಿದಿದ್ದೆ, ಅಂಟು ಒಟ್ಟೊ ಹಚ್ಚಿದ. ಚರ್ಚಿನ ಗಂಟೆ ಬಾರಿಸುವಾಗ ಮುಗಿಯಿತು.

ಸಂಜೆ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಚಿತ್ರವನ್ನು ಜನ ಹೇಗೆ ತೆಗೆದುಕೊಂಡರು ಎನ್ನುವುದನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ. ಮೊದಲ ಗಂಟೆ ಕೆಮ್ಮಿದರು. ದೊಡ್ಡ ನಟಿ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ಹಿಡಿದು ಬಿಕ್ಕಿ ಬಿಕ್ಕಿ ಅಳುವ ದೃಶ್ಯದಲ್ಲಿ, ನ್ಯೂಯಾರ್ಕ್ ಅತ್ತ ಕಡೆಯಲ್ಲಿ, ಇಡೀ ಸಭಾಂಗಣ ನಕ್ಕಿತು. ಆಕೆ ಹಸುವಿನ ಎಡಗಡೆ ಕೂತಿದ್ದಳು. ಈ ಸೀಮೆಯಲ್ಲಿ ಎಡಗಡೆಯಿಂದ ಯಾರು ಹಾಲು ಕರೆಯುತ್ತಾರೆ? "ಒದೀತದೆ ನೋಡು ಈಗ!" ಎಂದು ಹಿಂದಿನಿಂದ ಒಬ್ಬ ಕೂಗಿದ.

ಆಮೇಲೆ ಮುದುಕ ಮಲಗಿದ. ಗಾಡಿ ಬಂತು. ಕಹಳೆ ಊದಿತು. ಬಾಗಿಲು ತೆರೆಯಿತು. ಹಿಂದೆಂದೂ ಕಾಣದ ಕಣ್ಣೀರು! "ಅವರು ಬಂದಿದ್ದಾರೆ, ಅಮ್ಮಾವ್ರೇ." ಚಪ್ಪಾಳೆಗೆ ಮುದುಕ ಸತ್ತದ್ದೇ ಯಾರಿಗೂ ಕೇಳಲಿಲ್ಲ.

ಹೊರಹೋಗುವಾಗ ದಂತವೈದ್ಯರ ಹೆಂಡತಿ ಕೈಗವಸು ತೊಡುತ್ತಾ ಕೇಳಿದಳು: "ಮಾರಿಟ್ ಬಂದಾಗ ಮಾತ್ರ ಅಕ್ಷರ ಯಾಕೆ ಬಂತು ಕ್ವಿಗ್ಲಿಯವ್ರೇ?"

"ಹಾಲಿವುಡ್‌ನ ಹೊಸ ಪದ್ಧತಿ. ಮುಂದೆ ದೊಡ್ಡ ನಟಿ ಆಗೋರಿಗೆ ಹಾಗೆ ಗುರುತು ಹಾಕ್ತಾರೆ."

"ಕಹಳೆನೂ ಅದಕ್ಕೇನಾ?"

"ಅದಕ್ಕೇ."

ಒಪ್ಪಿಕೊಂಡಳು. ಒಂಬತ್ತು ವರ್ಷ ಕಂಬಿ ಮಾರಿದ್ದು ವ್ಯರ್ಥವಾಗಿಲ್ಲ.

ಏಪ್ರಿಲ್ ೮, ಸೋಮವಾರ

ಥೋರಾ ನೆಸೆಟ್ ಚರ್ಚಿನ ಕಪ್ಪು ಟೊಪ್ಪಿಗೆ ತೊಟ್ಟು ಬಂದಳು. ಪಾದ್ರಿ ಎದುರು ಪಾದಚಾರಿ ದಾರಿಯಲ್ಲಿ ನಿಂತು ನೋಡುತ್ತಿದ್ದರು. ಆಕೆ ತಿರುಗಿ, "ಪಾದ್ರಿಗಳೇ, ಒಂದೋ ಒಳಗೆ ಬನ್ನಿ, ಇಲ್ಲ ಮನೆಗೆ ಹೋಗಿ. ಈ ಗಾಳೀಲಿ ನಿಮ್ಮ ಎದೆಗೆ ಆಗೋದಿಲ್ಲ," ಎಂದಳು. ಮನೆಗೆ ಹೋದರು.

ಹಿಂದಿನ ಸಾಲಿನ ಅಂಚಿನ ಕುರ್ಚಿ ತೋರಿಸಿದೆ, ಮೊಳೆ ಹೊಡೆಸಿದ್ದು. ನೆಟ್ಟಗೆ ಕೂತಳು. ನಾನು ಹಿಂದೆ ಬಾಗಿಲ ಪರದೆಯ ಪಕ್ಕ ನಿಂತೆ. ಹಸುವಿನ ದೃಶ್ಯದಲ್ಲಿ ಎಲ್ಲರೂ ನಕ್ಕರು, ಆಕೆ ನಗಲಿಲ್ಲ. "ಬಲಗಡೆ," ಎಂದಳು, ಗಟ್ಟಿಯಾಗಿ, ಆ ನಟಿಗೆ ಕೇಳಿಸುವ ಹಾಗೆ.

ಬಾಗಿಲು ತೆರೆದಾಗ ಊರಿನವರೆಲ್ಲ ತೆರೆಯನ್ನು ಬಿಟ್ಟು ಹಿಂದಕ್ಕೆ ತಿರುಗಿ ಆಕೆಯನ್ನೇ ನೋಡಿದರು. ನನಗೆ ಕಂಡದ್ದು ಟೊಪ್ಪಿಗೆಯ ಹಿಂಭಾಗ ಮಾತ್ರ. ಅದು ಅಲುಗಲಿಲ್ಲ. ಚಿತ್ರ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಆಕೆಯ ಕೈ ಕುಲುಕಿದರು. ಚರ್ಚಿನಲ್ಲಿ ಮದುವೆ ಆದಾಗ ಹುಡುಗಿಯ ತಾಯಿಯ ಕೈ ಕುಲುಕುವ ಹಾಗೆ.

ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು.

"ಆ ಅಕ್ಷರ ಟ್ರೇಲರಿನಲ್ಲೂ ಇತ್ತು."

"ಇತ್ತಾ?"

"ಕಹಳೆನೂ."

"ಇರಬಹುದು. ಇದು ಹಾಲಿವುಡ್‌ನ ಹೊಸ..."

"ಕ್ವಿಗ್ಲಿಯವ್ರೇ. ನಾನು ದಿನಾ ಈ ಪರದೆ ಪಕ್ಕ ನಿಂತಿದ್ದೆ."

"ತಟ್ಟೆಗೆ ಅಂದ್ರಲ್ಲ?"

"ತಟ್ಟೆನೂ ಬೇಕಿತ್ತು."

ನನ್ನ ಟೈ ಸರಿಪಡಿಸಿಕೊಂಡೆ. ಅದು ಸರಿಯಾಗಿಯೇ ಇತ್ತು.

"ಅವಳನ್ನ ತೆಗೆದುಬಿಟ್ಟಿದ್ರಾ ಅವ್ರು?" ಎಂದಳು.

"ಹೂಂ."

"ನೀವು ಹಾಕಿದ್ರಿ."

"ಒಟ್ಟೊ ಹಾಕಿದ. ನಾನು ಕತ್ತರಿ ಹಿಡಿದಿದ್ದೆ, ಅಷ್ಟೇ."

ಆಕೆ ಖಾಲಿ ತೆರೆಯನ್ನು ನೋಡಿದಳು. "ಬಾಗಿಲು ಚೆನ್ನಾಗಿ ತೆರೆದ್ಲು," ಎಂದಳು. "ಅಷ್ಟು ದೊಡ್ಡ ಬಾಗಿಲು. ಅವಳ ಕೈ ಮುಂಚಿಂದಲೂ ಬಲವಾಗೇ ಇತ್ತು. ನನ್ನ ಹಿಟ್ಟೆಲ್ಲ ಅವಳೇ ನಾದ್ತಿದ್ಲು."

ಹೋಗುವಾಗ ನನ್ನ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದಳು.

ಏಪ್ರಿಲ್ ೯

ಬೆಳಗಿನ ರೈಲಿಗೆ ಚಿತ್ರದ ಪೆಟ್ಟಿಗೆ ಹೋಯಿತು. ಮುಂದಿನ ಊರು ಹ್ಯಾಮರ್‌ಲಿ, ಅಲ್ಲಿ ಶನಿವಾರದ ಆಟ. ಆ ತುಂಡನ್ನು ತೆಗೆದು ಟ್ರೇಲರಿಗೆ ವಾಪಸ್ ಅಂಟಿಸು ಎಂದು ಒಟ್ಟೊಗೆ ಹೇಳಿದ್ದೆ. ಮಾಡಿದೆಯಾ ಎಂದು ಕೇಳಲಿಲ್ಲ.

ಮಧ್ಯಾಹ್ನ ದೂರದೂರಿನ ಫೋನು ಬಂತು, ಲಾಸ್ ಏಂಜಲಿಸ್‌ನಿಂದ. ಬೇಕರಿಯಲ್ಲಿ ಫೋನಿಲ್ಲ, ಅದಕ್ಕೇ ಇಲ್ಲಿಗೆ ಮಾಡಿದ್ದಳು. "ಅಮ್ಮನ್ನ ಕರೀತೀರಾ? ಬೇಗ," ಎಂದಳು ಮಾರಿಟ್. ನನ್ನ ಭಿತ್ತಿಪತ್ರ ಸ್ಟುಡಿಯೋದ ಅಂಚೆ ಕೋಣೆಯಲ್ಲಿ ಬಿದ್ದಿದ್ದು ಈಗ ಅವಳ ಕೈ ಸೇರಿತಂತೆ. ನಾನು ಟೊಪ್ಪಿಗೆಯಿಲ್ಲದೆ ರಸ್ತೆ ದಾಟಿ ಓಡಿದೆ.

ಥೋರಾ ಕೈಯ ಹಿಟ್ಟು ಒರಸಿಕೊಳ್ಳುತ್ತಾ ಬಂದು ಫೋನು ಹಿಡಿದಳು. ಎರಡು ವರ್ಷದ ಮೇಲೆ ಮೊದಲ ಮಾತು. ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ.

"ಹೂಂ, ನಾನೇ... ನೋಡಬೇಡ ಅಂದ್ರೆ? ನೋಡಿಯಾಯ್ತು, ನಿನ್ನೆ... ಇಲ್ಲ, ನೀನಿದ್ದೆ... ಇದ್ದೆ ಅಂದ್ನಲ್ಲ. ಬಾಗಿಲು ತೆರೆದೆ. ಬಿಳಿ ಟೊಪ್ಪಿಗೆ ಹಾಕಿದ್ದೆ... ಚೆನ್ನಾಗಿ ತೆರೆದೆ ಮಾರಿಟ್."

ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಫೋನಿನ ತಂತಿಯಲ್ಲಿ ಸಣ್ಣಗೆ ಅಳು ಬರುತ್ತಿತ್ತು, ನನಗೂ ಕೇಳಿಸುವಷ್ಟು.

"ಆಯ್ತು. ಬೇಸಿಗೇಲಿ ಬಾ," ಎಂದು ಇಟ್ಟುಬಿಟ್ಟಳು. ಫೋನಿಗೆ ಮೆತ್ತಿದ್ದ ಹಿಟ್ಟನ್ನು ಏಪ್ರನ್ನಿನಿಂದ ಒರಸಿದಳು.

"ಏನಂತೆ?"

"ಅವಳೂ ಅಲ್ಲಿ ಹೋಗಿ ನೋಡಿದ್ಲಂತೆ, ಚಳಿಗಾಲದಲ್ಲೇ. ಗೆಳತಿಯರನ್ನೆಲ್ಲ ಕರ್ಕೊಂಡು. ಒಂದು ಕಡೆನೂ ಅವಳಿರಲಿಲ್ಲವಂತೆ. ನಾಚಿಕೆಗೆ ನನಗೆ ಹೇಳಿರಲಿಲ್ಲ." ಕೈಯನ್ನು ಮತ್ತೊಮ್ಮೆ ಒರಸಿಕೊಂಡಳು. "'ಅಮ್ಮ, ಹುಟ್ಟಿದಾಗಿಂದ ನೀನು ಒಂದು ಸುಳ್ಳೂ ಹೇಳಿದ್ದು ನಾನು ಕೇಳಿಲ್ಲ, ಮೊದಲ್ನೇ ಸುಳ್ಳು ನನಗೋಸ್ಕರ ಹೇಳಿದ್ಯಲ್ಲ' ಅಂತ ಅತ್ಲು."

"ಸುಳ್ಳಲ್ಲ ಅಂತ ಹೇಳಬೇಕಿತ್ತು! ಫೋನ್ ಕೊಡಿ, ನಾನೇ ಹೇಳ್ತೀನಿ. ಟ್ರೇಲರ್, ಅಂಟು, ಎಲ್ಲ ವಿವರಿಸ್ತೀನಿ."

"ಬೇಡ."

"ಯಾಕೆ?"

"ಅವಳಿಗೆ ಅದು ಹಿಡಿಸ್ತು," ಎಂದಳು ಥೋರಾ. "ಹಾಗೇ ಇರ್ಲಿ."

ಬಾಗಿಲವರೆಗೆ ಹೋದವಳು ನಿಂತಳು. "ಆ ಪೆಟ್ಟಿಗೆ ಈಗ ಯಾವ ಊರಿಗೆ ಹೋಯ್ತು?"

ಏಪ್ರಿಲ್ ೧೧

ವಾರಪತ್ರಿಕೆಗೆ ಬರೆದು ಕಳಿಸಿದೆ: "ಆಶ್‌ಕೋಂಬ್ ಮನೆತನ. ಉದ್ದ ಜಾಸ್ತಿ. ಹಸುವಿನ ಎಡಗಡೆ ಕೂರಿಸಿದ್ದಾರೆ, ಮುಂದಿನ ಸಲ ಯಾರನ್ನಾದರೂ ಕೇಳಿ ತೆಗೆಯಿರಿ. ಬಾಗಿಲು ತೆರೆಯುವ ಹುಡುಗಿ ಚಿತ್ರದ ಪ್ರಾಣ. ಅವಳನ್ನು ನೋಡದೆ ಬಿಡಬೇಡಿ." ಕಾನ್ಸಾಸ್‌ನವನು ಹುಡುಕಲಿ.

ಏಪ್ರಿಲ್ ೧೩, ಶನಿವಾರ

ರೆಜಿನಾವನ್ನು ಒಟ್ಟೊಗೆ ಬಿಟ್ಟು, ವ್ಯಾಪಾರದ ಕೆಲಸದ ಮೇಲೆ ಹ್ಯಾಮರ್‌ಲಿಗೆ ಹೋಗಿಬಂದೆ. ಥೋರಾಳೂ ಬಂದಿದ್ದಳು, ಅವಳಿಗೂ ಆ ಕಡೆ ಏನೋ ಕೆಲಸವಿತ್ತು. ದಾರಿಯೆಲ್ಲ ಕೆಸರು. ಕಾರು ತೊಳೆಸಿದ್ದು ದಂಡ. ನಾನು ಮಾತಾಡುತ್ತಲೇ ಇದ್ದೆ, ನಡುವೆ ಒಮ್ಮೆ, "ಈ ಕಥೆ ಆಗಲೇ ಹೇಳಿದ್ರಿ. ಆಗ ಚೆನ್ನಾಗಿತ್ತು," ಎಂದಳು.

ಹ್ಯಾಮರ್‌ಲಿಯ ಮಾಲೀಕ ನನ್ನ ಪರಿಚಯದವನೇ. ನಮ್ಮ ಕಸುಬಿನವರು ಒಬ್ಬರ ಮಂದಿರಕ್ಕೆ ಇನ್ನೊಬ್ಬರು ಟಿಕೆಟಿಲ್ಲದೆ ಹೋಗುವುದು ವಾಡಿಕೆ. ನಾನು ಹೆಸರು ಹೇಳದೆ ಎರಡು ಟಿಕೆಟ್ ಕೊಂಡೆ. ಪಾಪವನ್ನು ಸ್ವಂತ ದುಡ್ಡಲ್ಲೇ ಮಾಡಬೇಕೆಂದು ಆಕೆ ಹೇಳಿದ್ದಳು. ಆದರೂ ಇವತ್ತು ನಾನು ಕೊಡುವಾಗ ಏನೂ ಅನ್ನಲಿಲ್ಲ.

ಅಲ್ಲಿ ಎಲ್ಲ ರಷ್ಯಾದಿಂದ ಬಂದ ಜರ್ಮನರು. ಚಿತ್ರ ನಡೆಯುವಾಗ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಕೆಳಗೆ ಉಗಿಯುತ್ತಾರೆ, ಇಡೀ ಮಂದಿರ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತದೆ. ಹಸುವಿಗೆ ಅವರೂ ನಕ್ಕರು. ಅಷ್ಟರ ಮಟ್ಟಿಗೆ ಲೋಕವೆಲ್ಲ ಒಂದೇ, ನ್ಯೂಯಾರ್ಕ್ ಬಿಟ್ಟು.

ಮುದುಕ ಮಲಗಿದ. ಗಾಡಿಯ ಸದ್ದಾಯಿತು. ಒಟ್ಟೊ ನನ್ನ ಮಾತು ಕೇಳಿದ್ದರೆ ಈಗ ನೇರ ಮಗ ಬರಬೇಕು.

ಕಹಳೆ ಊದಿತು. ಬಾಗಿಲು ತೆರೆಯಿತು.

ಇಲ್ಲಿ ಯಾರಿಗೂ ಅವಳು ಗೊತ್ತಿಲ್ಲ. ಬೀಜ ಜಗಿಯುವ ಸದ್ದು ಸಹ ನಿಲ್ಲಲಿಲ್ಲ. ಚಪ್ಪಾಳೆ ತಟ್ಟಿದವರು ನಾವಿಬ್ಬರೇ.

ಮುಂದಿನ ಸಾಲಿನ ಗಂಡಸು ತಿರುಗಿ, "ಯಾರ್ರೀ ಅದು?" ಎಂದ.

"ನಮ್ಮ ಹುಡುಗಿ," ಎಂದೆ.